ಫುಕಟ್ ಇಳಿಜಾರು

ಬಸ್ಸಿನಲ್ಲಿ ಕೂತಿರುತ್ತೇನೆ, ಎಲ್ಲೋ ಒಂದು ಸಣ್ಣ ಇಳಿಜಾರು ಬರುತ್ತದೆ, ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಕೆಳಗಿನ ತಗಡನ್ನು ಒತ್ತಿ ಹಿಡಿಯುತ್ತದೆ. ಇಳಿಜಾರು ಮುಗಿದ ಮೇಲೂ ಬಿಡುವುದಿಲ್ಲ. ಪಕ್ಕದಲ್ಲಿ ಕೂತವರು ಒಮ್ಮೊಮ್ಮೆ ನನ್ನ ಕಾಲನ್ನು, ಆಮೇಲೆ ಮುಖವನ್ನು ನೋಡುತ್ತಾರೆ. ಭೀಮಾ ನದಿಯ ಸೇತುವೆಗೆ ಇಳಿಯುವ ರಸ್ತೆಯಲ್ಲಿ ಕಾಕಾ ಓಡಿಸುತ್ತಿದ್ದ ಕಾರು ನಿಲ್ಲಲು ಒಲ್ಲೆನೆಂದ ಆ ಭಾನುವಾರದಿಂದ ಹೀಗಾಗಿದೆ. ಯಾರಿಗೂ ದೊಡ್ಡದೇನೂ ಆಗಲಿಲ್ಲ. ಮುಂದಿನ ಗಾಜು ಬಿರುಕು ಬಿಟ್ಟಿತು, ಅಷ್ಟೇ. ಆದರೆ ನಮಗೆ ಆಗದೇ ಉಳಿದದ್ದು ಕಾಕಾನ ಮಗಳಿಗೆ ಆಗಬಹುದಾಗಿತ್ತು. ಅವಳು ಅದೇ ಕಾರಿನಲ್ಲಿ ಅದೇ ಇಳಿಜಾರನ್ನು ದಿನಾ ಇಳಿಯುತ್ತಾಳೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ನಮ್ಮ ಮನೆತನ ಆಳಂದದ್ದು. ಅವರು ಬೀಜ, ಗೊಬ್ಬರದ ಅಂಗಡಿ ಹಾಕಿಕೊಂಡು ಅಫಜಲಪುರಕ್ಕೆ ಹೋದರು. ನಾನು ಓದು ಮುಗಿಸಿ ಜೇವರ್ಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಲು ನಿಂತೆ. ನಮ್ಮಿಬ್ಬರ ನಡುವೆ ಭೀಮೆ. ಕಾಕಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಬೆರಳಲ್ಲಿ ಉಳಿದ ವಿಭೂತಿಯನ್ನು ತಮ್ಮ ಹಳೆಯ ಜೀಪಿನ ಸ್ಟೇರಿಂಗಿಗೆ ಒರೆಸುತ್ತಾರೆ. ಆ ಜೀಪನ್ನು ಅವರು ಖಜೂರಿಯಲ್ಲಿ, ಮಹಾರಾಷ್ಟ್ರದ ಕಡೆಯವರೊಬ್ಬರಿಂದ ಕೊಂಡು ತಂದಿದ್ದರು. ನಾನಾಗ ಪ್ಯಾಂಟು ಹಾಕಲು ಶುರು ಮಾಡಿದ್ದೆ. ಈಗ ನನ್ನ ತಲೆ ನರೆತಿದೆ, ಜೀಪು ಇನ್ನೂ ಓಡುತ್ತದೆ.

ಭಾನುವಾರ ಬಂತೆಂದರೆ ಅಫಜಲಪುರದ ಒಂದು ಗ್ಯಾರೇಜಿನ ಮುಂದೆ, ಬೇವಿನ ಮರದ ಕೆಳಗೆ, ಗಾಡಿ ಹುಚ್ಚಿನವರೆಲ್ಲ ಸೇರುತ್ತಾರೆ. ಗಾಡಿ ರಿಪೇರಿಗೆ ಬಂದವರಲ್ಲ, ಮಾತಿಗೆ ಬಂದವರು. ಹಳೇ ಗಾಡಿಯವರದು ಒಂದು ಬೆಂಚು, ಹೊಸ ಗಾಡಿಯವರದು ಇನ್ನೊಂದು. ಹಳಬರ ಕಡೆಯ ಉಸ್ತಾದ ನಮ್ಮ ಕಾಕಾ. ಹೊಸಬರ ಕಡೆ ಒಬ್ಬ ಬಟ್ಟೆ ವ್ಯಾಪಾರಿ, ಅವನಿಗೆ ಕಾರು ಹಳತಾಯಿತು ಅನ್ನಿಸುವಷ್ಟರಲ್ಲಿ ಮನೆ ಮುಂದೆ ಇನ್ನೊಂದು ನಿಂತಿರುತ್ತದೆ. ವಾದ ಎಂದೂ ಮುಂದೆ ಹೋಗಿದ್ದಿಲ್ಲ. ಹಳೆಯದರ ತಗಡು ದಪ್ಪ, ಬೋಲ್ಟು ತಿರುಗಿಸುವ ಪಾನಾ ಒಂದು ತಂತಿ ಒಂದು ಇದ್ದರೆ ಹೊಲದ ಬದುವಿನಲ್ಲೇ ದುರಸ್ತಿ ಮಾಡಿಕೊಂಡು ಮನೆಗೆ ಬರಬಹುದು ಎಂದು ಇವರು. ಹೊಸದರಲ್ಲಿ ಡಿಕ್ಕಿಯಾದರೆ ಉಬ್ಬುವ ಗಾಳಿಚೀಲ ಇದೆ, ಜಾರದ ಬ್ರೇಕು ಇದೆ, ಬೇಸಿಗೆಯಲ್ಲಿ ಮನುಷ್ಯ ಬೇಯದೆ ಊರು ಮುಟ್ಟುತ್ತಾನೆ ಎಂದು ಅವರು. ಸ್ಟೇರಿಂಗಿನ ಮುಂದೆ ಒಂದು ದೀಪ ಹತ್ತಿದರೆ ಶೋರೂಮಿಗೆಂದು ಕಲಬುರಗಿಗೆ ಓಡಬೇಕಲ್ಲ ಎಂದು ಮತ್ತೆ ಇವರು.

"ಉಸ್ತಾದ, ನಿಮ್ಮ ಜೀಪಿನ್ಯಾಗ ಬೀಗರ ಊರಿಗಿ ಹೋದ್ರ ಬೀಗರು ಗುರ್ತಾ ಹಿಡಿಯಲ್ರಿ," ಎಂದ ಒಮ್ಮೆ ಬಟ್ಟೆ ವ್ಯಾಪಾರಿ. "ಮೊದಲ ಮಾರಿ ತೊಳಕೊಂಡು ಬರ್ರಿ, ಆಮ್ಯಾಲ ಯಾರಂತ ನೋಡ್ತೀವಿ ಅಂತಾರ."

"ನಿನ್ನ ಗಾಡಿ ಬೆಲ್ಟ್ ಹಾಕ್ಕೋ, ಬಾಗಲಾ ಹಾಕ್ಕೋ ಅಂತ ದಾರಿ ತುಂಬ ಬಡಕೋತದಲ್ಲೋ," ಎಂದರು ಕಾಕಾ. "ಮನ್ಯಾಗ ಕೇಳೋದು ಸಾಲಲ್ಲೇನು ನಿನಗ?"

ಎರಡೂ ಬೆಂಚು ನಕ್ಕವು. ನಾನೂ ನಕ್ಕಿದ್ದೆ. ಆಗ ಆ ಮಾತುಗಳಲ್ಲಿ ನನಗೆ ರುಚಿ ಇತ್ತು.

ಕಾಕಾನ ಹತ್ತಿರ ಗಾಡಿ ಕಲಿತವರು ಆ ಕಡೆ ಬಹಳ ಜನ. ಯಾರದೇ ಮನೆಯಲ್ಲಿ ಯಾರಾದರೂ ಸ್ಟೇರಿಂಗ್ ಹಿಡಿಯಬೇಕೆಂದರೆ ಮೊದಲು ಅವರ ಜೀಪಿನಲ್ಲಿ ಕೂಡಿಸುತ್ತಿದ್ದರು. ಅವರು ಎಲ್ಲರಿಗೂ ಕಲಿಸುತ್ತಿದ್ದ ಎರಡು ಪಾಠಗಳಿದ್ದವು. ಒಂದು, ಬ್ರೇಕನ್ನು ಒಮ್ಮೆಲೇ ಒತ್ತಿ ಹಿಡಿಯಬಾರದು, ತುಳಿದು ಬಿಟ್ಟು, ತುಳಿದು ಬಿಟ್ಟು ಮಾಡಬೇಕು. ಬ್ರೇಕು ಒಮ್ಮೆ ಕರೆದರೆ ಬರುವ ನೆಂಟ ಅಲ್ಲ, ಮೂರು ಸಲ ಕರೆಯಬೇಕು ಅನ್ನುತ್ತಿದ್ದರು. ಅವರ ಜೀಪಿನ ಮಟ್ಟಿಗೆ ಅದು ಖರೆ. ಮೊದಲ ತುಳಿತಕ್ಕೆ ಅದರ ಪೆಡಲು ನೆಲಕ್ಕೆ ಹೋಗುತ್ತಿತ್ತು, ಮೂರನೆಯದಕ್ಕೆ ಗಾಡಿ ಹಿಡಿಯುತ್ತಿತ್ತು.

ಎರಡನೆಯದು, ಫುಕಟ್ ಬಿಡುವುದು. ಫುಕಟ್ ಅಂದರೆ ನಮ್ಮ ಕಡೆ ಪುಕ್ಕಟೆ. ಇಳಿಜಾರು ಬಂದಾಗ ಗೇರು ತೆಗೆದು, ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ, ಗಾಡಿಯನ್ನು ಅದರ ಭಾರಕ್ಕೇ ಉರುಳಲು ಬಿಡುವುದು. ಡೀಸೆಲ್ ಉಳಿಯುತ್ತದೆ ಎಂದು ಅವರು ಹೇಳುತ್ತಿದ್ದರಾದರೂ ಅದಲ್ಲ ಕಾರಣ. ಅಷ್ಟು ಹೊತ್ತು ಗಡಗಡ ಅನ್ನುತ್ತಿದ್ದ ಜೀಪು ಒಮ್ಮೆಲೇ ಸುಮ್ಮನಾಗಿ, ಗಾಳಿಯ ಸಪ್ಪಳವೊಂದೇ ಉಳಿಯುತ್ತಿತ್ತು. ಆಗ ಅವರು ಒಂದು ಕೈಯಿಂದ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಆ ಸುಖವನ್ನು ನಾನೂ ಕಂಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ಅವರ ಮಗಳು ದನದ ಡಾಕ್ಟರ್. ಅಫಜಲಪುರದಲ್ಲಿ ಮನೆ, ಕೆಲಸ ನದಿಯ ಆಚೆ ಜೇವರ್ಗಿ ತಾಲೂಕಿನ ಹಳ್ಳಿಗಳಲ್ಲಿ. ಕಳೆದ ಮಳೆಗಾಲ ಮುಗಿದ ಮೇಲೆ ಅವಳು ಹೊಸ ಕಾರು ತಂದಳು. ಕಾಕಾ ಅದರ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಬೆರಳಿಂದ ತಟ್ಟಿ, ಇದು ಡಬ್ಬಿ ತಗಡು ಎಂದರು. ಆದರೂ ಎರಡನೇ ವಾರದಿಂದ ಅವಳು ಮನೆಯಲ್ಲಿದ್ದಾಗಲೆಲ್ಲ ಕೀಲಿ ಅವರ ಜೇಬಿನಲ್ಲೇ ಇರುತ್ತಿತ್ತು.

ಆ ಭಾನುವಾರ ಯಡ್ರಾಮಿಯಲ್ಲಿ ಯಾರದೋ ಹಳೆಯ ಡೀಸೆಲ್ ಕಾರು ಮಾರಾಟಕ್ಕಿದೆ ಎಂದು ಸುದ್ದಿ ಬಂತು. ಕೊಳ್ಳುವವರು ಯಾರೂ ಇರಲಿಲ್ಲ, ನೋಡಿ ಬರೋಣ ಎಂದು ಹೊರಟರು. ರಜೆಗೆಂದು ನಾನೂ ಅಫಜಲಪುರದಲ್ಲಿದ್ದೆ. ಜೀಪು ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ನಿಂತಿದ್ದರಿಂದ ಕಾಕಾ ಮಗಳ ಕಾರು ತೆಗೆದರು. ನಾನು ಅವರ ಪಕ್ಕದಲ್ಲಿ. ಬಟ್ಟೆ ವ್ಯಾಪಾರಿ ಮತ್ತು ಗ್ಯಾರೇಜಿನ ಮಾಲಕ ನಮ್ಮ ಹಿಂದೆ ಇನ್ನೊಂದು ಕಾರಿನಲ್ಲಿ. ಬೆಲ್ಟ್ ಹಾಕ್ಕೋ ಎಂದು ಕಾರು ಬಡಕೊಳ್ಳುವುದನ್ನು ಕೇಳಲಾರದೆ ಕಾಕಾ ಬೆಲ್ಟನ್ನು ಬೆನ್ನಿನ ಹಿಂದಿನಿಂದ ತಂದು ಕೊಂಡಿಗೆ ಸಿಕ್ಕಿಸಿ ಅದರ ಬಾಯಿ ಮುಚ್ಚಿಸಿದ್ದರು.

ಕಬ್ಬಿನ ಹಂಗಾಮು. ಹವಳಗಾದ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ದಾರಿ ತುಂಬ. ನದಿಯ ಆಚೆ ದಂಡೆಯಿಂದಲೂ ಬರುತ್ತವೆ, ಒಂದೊಂದಕ್ಕೂ ಹಿಂದೆ ಎರಡೆರಡು ಟ್ರಾಲಿ. ಸೇತುವೆಗೆ ಇಳಿಯುವ ರಸ್ತೆ ಶುರುವಾದಾಗ ಕಾಕಾ ಗೇರು ತೆಗೆದರು. ಆಮೇಲೆ ಕೀಲಿಯನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿದರು. ನಾನು ಅದನ್ನು ನೋಡಿದೆ. ಅವರ ಕೈ ಟೋಪಿಯ ಕಡೆ ಹೋಯಿತು.

ಕೆಳಗಿನಿಂದ ಒಂದು ಟ್ರ್ಯಾಕ್ಟರು ಏರುತ್ತಿತ್ತು. ಭಾರಕ್ಕೆ ಅದರ ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದವು. ಚಾಲಕ ಅದನ್ನು ಹೇಗೋ ಕೆಳಗೆ ಕೂಡಿಸಿದ, ಆದರೆ ಅಷ್ಟರಲ್ಲಿ ಹಿಂದಿನ ಟ್ರಾಲಿ ಜಾರಿ, ತಿರುಗಿ, ರಸ್ತೆಗೆ ಅಡ್ಡ ಬಂತು. ಕಾಕಾ ಬ್ರೇಕು ತುಳಿದರು. ಕಾರು ಸ್ವಲ್ಪ ತಡೆಯಿತು. ಬಿಟ್ಟು ಮತ್ತೆ ತುಳಿದರು. ಮೊದಲಿನಷ್ಟು ತಡೆಯಲಿಲ್ಲ. ಮೂರನೇ ಸಲ ಬಿಟ್ಟು ತುಳಿದಾಗ ಅವರ ಮೊಣಕಾಲು ನೆಟ್ಟಗಾಯಿತು, ಪೆಡಲು ಇಳಿಯಲಿಲ್ಲ.

"ಕಲ್ಲಾತು," ಎಂದರು. ದನಿ ಏರಿಸಲಿಲ್ಲ. ಯಾರಿಗೋ ಅಂಗಡಿಯಲ್ಲಿ ಮಾಲು ಮುಗಿಯಿತು ಎಂದು ಹೇಳುವಂತಿತ್ತು.

ಸ್ಟೇರಿಂಗ್ ತಿರುಗಿಸಲು ನೋಡಿದರು. ಅದೂ ಬಿಗಿದುಕೊಂಡಿತ್ತು. ಟ್ರಾಲಿಯ ಹಿಂದೆ ಚಾಚಿಕೊಂಡ ಕಬ್ಬಿನ ತುದಿಗಳು, ಕತ್ತರಿಸಿದ ಬಿಳೀ ಬಾಯಿಗಳು, ನನ್ನ ಮುಖದ ಎತ್ತರಕ್ಕೇ ಇದ್ದವು, ದೊಡ್ಡದಾಗುತ್ತಿದ್ದವು. ಆಗ ಕಾಕಾ ಗೇರನ್ನು ಎರಡಕ್ಕೆ ನೂಕಿ ಕ್ಲಚ್ಚು ಬಿಟ್ಟರು. ಹಗ್ಗ ಜಗ್ಗಿದ ಹೋರಿಯ ಹಾಗೆ ಕಾರು ತಲೆ ತಗ್ಗಿಸಿತು. ಎಡಗೈಯಿಂದ ಹ್ಯಾಂಡಬ್ರೇಕು ಎಳೆದರು. ಅವರ ಎದೆ ಸ್ಟೇರಿಂಗಿಗೆ ಬಡಿಯಿತು. ಒಂದು ಕಬ್ಬು ಗಾಜಿಗೆ ತಾಗಿ ಟಿಕ್ ಎಂದಿತು, ಬಿರುಕು ನನ್ನ ಕಡೆಯಿಂದ ಅವರ ಕಡೆಗೆ ನಿಧಾನವಾಗಿ ಓಡಿತು. ಕಾರು ನಿಂತಿತ್ತು.

ಹಿಂದಿನಿಂದ ಬಟ್ಟೆ ವ್ಯಾಪಾರಿ ಓಡಿ ಬರುವುದರೊಳಗೆ ಕಾಕಾ ಕೀಲಿಯನ್ನು ಮುಂದಕ್ಕೆ ತಿರುಗಿಸಿ ಎಂಜಿನ್ ಚಾಲೂ ಮಾಡಿದರು. ಅದನ್ನೂ ನಾನು ನೋಡಿದೆ. ಅವನು ಏನಾತ್ರಿ ಎಂದು ಕೇಳಿದಾಗ, "ಬ್ರೇಕ್ ಹೋತು," ಎಂದರು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕಬ್ಬಿನವರು ಕೊಟ್ಟ ನೀರನ್ನು ಕುಡಿಯಲು ಹೋಗಿ ಅಂಗಿಯ ಮೇಲೆ ಚೆಲ್ಲಿಕೊಂಡೆ.

ಮುಂದಿನ ದಿನಗಳಲ್ಲಿ ಆ ಘಟನೆ ಗ್ಯಾರೇಜಿನ ಬೆಂಚುಗಳದಾಯಿತು. ಹಳೇ ಗಾಡಿಯವರು, ನೋಡಿದಿರಾ, ಹೊಸ ಗಾಡಿ ಕೈಕೊಟ್ಟಿತು, ಉಸ್ತಾದನ ಹಳೇ ಕೈ ಉಳಿಸಿತು ಎಂದರು. ಹೊಸ ಗಾಡಿಯವರು, ಜೀಪಾಗಿದ್ದರೆ ಇಬ್ಬರೂ ಕಬ್ಬಿನ ಜೊತೆ ಗಾಣಕ್ಕೇ ಹೋಗುತ್ತಿದ್ದರು ಎಂದರು. ನನ್ನನ್ನು ಕಂಡಾಗಲೆಲ್ಲ ಎರಡೂ ಕಡೆಯವರು ಸಾಕ್ಷಿಗೆ ಕರೆಯುತ್ತಿದ್ದರು, ಕೀಲಿಯ ಮಾತನ್ನು ನಾನು ಎತ್ತಲಿಲ್ಲ. ಕಾಕಾ ಎದೆಗೆ ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಕಾರನ್ನು ಕಲಬುರಗಿಯ ಶೋರೂಮಿನಲ್ಲಿ ತೋರಿಸಿದಾಗ ಅಲ್ಲಿಯವರು ಗಾಜು ಬದಲಿಸಿ, ಬ್ರೇಕಿನಲ್ಲಿ ಏನೂ ದೋಷ ಇಲ್ಲ ಎಂದು ಹೇಳಿ ಕಳಿಸಿದ್ದರು. ಅದಕ್ಕೂ ಹಳಬರ ಹತ್ತಿರ ಉತ್ತರ ಇತ್ತು. ಹೊಸ ಗಾಡಿಯ ರೋಗ ಹೊಸ ಗಾಡಿಯವರಿಗೇ ಗೊತ್ತಾಗುವುದಿಲ್ಲವಂತೆ.

ನಾನು ಕಾಲೇಜಿಗೆ ಮರಳಿ, ಭೌತಶಾಸ್ತ್ರ ಹೇಳುವ ಸಹೋದ್ಯೋಗಿಯೊಬ್ಬರನ್ನು ಚಹಾದ ಹೊತ್ತಿನಲ್ಲಿ ಕೇಳಿದೆ. ಅವರು ಬಿಸ್ಕೀಟು ಅದ್ದುತ್ತಲೇ ಹೇಳಿದರು. ಇಂಥ ಕಾರಿನ ಬ್ರೇಕಿಗೆ ಎಂಜಿನ್ನಿನ ಉಸಿರು, ಅಂದರೆ ಅದು ಓಡುವಾಗ ಗಾಳಿ ಎಳೆಯುವ ಬಲ, ಬೇಕು, ಕಾಲಿನ ಬಲ ಒಂದೇ ಸಾಲದು. ಎಂಜಿನ್ ಬಂದ್ ಮಾಡಿದರೆ ಎರಡು ಮೂರು ತುಳಿತಕ್ಕೆ ಆಗುವಷ್ಟು ಉಸಿರು ಒಳಗೆ ಉಳಿದಿರುತ್ತದೆ, ಒತ್ತಿ ಹಿಡಿದರೆ ಆಯಿತು, ಬಿಟ್ಟು ಬಿಟ್ಟು ತುಳಿದರೆ ಖರ್ಚಾಗುತ್ತದೆ, ಆಮೇಲೆ ಪೆಡಲು ಬಂಡೆ. ಕೀಲಿ ಹಿಂದಕ್ಕೆ ಹೋದರೆ ಸ್ಟೇರಿಂಗೂ ಬಿಗಿಯುತ್ತದೆ, ಗಾಳಿಚೀಲವೂ ತೆರೆಯುವುದಿಲ್ಲ ಎಂದರು. ಗಂಟೆ ಹೊಡೆಯಿತು, ಅವರು ಪಾಠಕ್ಕೆ ಹೋದರು. ನನಗೆ ಆ ದಿನ ಪಾಠ ಮಾಡಲು ಆಗಲಿಲ್ಲ. ಹುಡುಗರಿಗೆ ಓದಿಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕೂತೆ.

ಜೀಪಿಗೆ ಆ ಉಸಿರಿನ ಹಂಗು ಇರಲಿಲ್ಲ. ಅದಕ್ಕೇ ಅದರಲ್ಲಿ ಫುಕಟ್ ಬಿಟ್ಟರೂ ನಡೆಯಿತು, ಮೂರು ಸಲ ತುಳಿದರೂ ನಡೆಯಿತು. ಕಾಕಾನ ಎರಡು ಪಾಠಗಳು ಹೊಸ ಕಾರಿನಲ್ಲಿ ಒಂದರ ಕೈ ಒಂದು ಹಿಡಿದುಕೊಂಡಿದ್ದವು. ನಮ್ಮನ್ನು ಉಳಿಸಿದ ಗೇರು ಸಹ ಅವರ ಜೀಪಿನ ಅಭ್ಯಾಸವೇ. ಯಾವ ಬೆಂಚಿನವರೂ ಗೆಲ್ಲುವ ಹಾಗಿರಲಿಲ್ಲ.

ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಮುಂದಿನ ವಾರ ಕಾಕಾನನ್ನು ನೋಡಲು ಹೋದವನು ಸೋಮವಾರ ಬೆಳಿಗ್ಗೆ ತಂಗಿಯ ಕಾರಿನಲ್ಲೇ ಜೇವರ್ಗಿಗೆ ಹೊರಟೆ. ಕಾಕಾನ ಮಗಳು ನನಗೆ ತಂಗಿಯೇ. ದಾರಿಯುದ್ದಕ್ಕೂ ಯಾವುದೋ ಎಮ್ಮೆಯ ಬಾಣಂತನದ ಕಥೆ ಹೇಳುತ್ತಿದ್ದಳು. ಸೇತುವೆಯ ಇಳಿಜಾರು ಬಂತು. ಮಾತು ನಿಲ್ಲಿಸದೆ ಗೇರು ತೆಗೆದಳು. ಕೈ ಕೀಲಿಗೆ ಹೋಯಿತು.

"ಬಂದ್ ಮಾಡಬ್ಯಾಡ," ಎಂದೆ.

"ಯಾಕಣ್ಣಾ? ಇಲ್ಲಿಂದ ಸೇತುವಿ ತನಕ ಫುಕಟ್ ಅದ."

"ಮಾಡಬ್ಯಾಡ ಅಂದೆ."

ಕೈ ತೆಗೆದಳು. ನೀ ಅವತ್ತಿಂದ ಭಾಳ ಅಂಜೀದಿ ಎಂದು ನಕ್ಕಳು. ಚಿಂತೆ ಮಾಡಬೇಡ, ತಾನು ಈಗ ಹುಷಾರಾಗಿದ್ದೇನೆ, ಅಪ್ಪ ಹೇಳಿಕೊಟ್ಟಿದ್ದಾರೆ ಎಂದಳು. "ಬಂದ್ ಮಾಡಿದ ಕೂಡಲೇ ಎರಡು ಸಲ ಬ್ರೇಕ್ ತುಳಿದು ನೋಡು, ಸರಿ ಅದನೋ ಇಲ್ಲೋ ತಿಳೀತದ ಅಂದಾರ. ದಿನಾ ನೋಡ್ತೀನಿ. ಬರೋಬ್ಬರಿ ಹಿಡೀತದ."

ಇದ್ದ ಎರಡು ಉಸಿರನ್ನು ಅವಳು ದಿನಾ ಇಳಿಜಾರಿನ ತಲೆಯಲ್ಲೇ ಖರ್ಚು ಮಾಡಿ ಕೆಳಗೆ ಇಳಿಯುತ್ತಿದ್ದಳು. ಅಷ್ಟು ದಿನ ಎದುರಿಗೆ ಟ್ರಾಲಿ ಅಡ್ಡ ಬಂದಿರಲಿಲ್ಲ, ಅಷ್ಟೇ.

ನಾನು ಗೊತ್ತಿದ್ದಷ್ಟು ಹೇಳಿದೆ. ಎಂಜಿನ್ನಿನ ಉಸಿರಿನ ಮಾತು ಹೇಳಿದೆ. ಅವಳು ಕೇಳಿದಳು, ಆದರೆ ಕೇಳುವ ರೀತಿಯಲ್ಲೇ ನಂಬಿಕೆ ಇಲ್ಲದ್ದು ತಿಳಿಯುತ್ತಿತ್ತು. ಅವತ್ತೂ ಎಂಜಿನ್ ಬಂದ್ ಇತ್ತು ಎಂದಾಗ ಮುಖ ಗಂಭೀರ ಮಾಡಿದಳು. ಅಪ್ಪ ಹಾಗೆ ಹೇಳಿಲ್ಲವಲ್ಲ ಎಂದಳು. ಗಾಡಿಯ ವಿಷಯದಲ್ಲಿ ಅಪ್ಪ ಸುಳ್ಳು ಹೇಳುವುದಿಲ್ಲ, ಅವರೇ ಬೇಡ ಅಂದರೆ ಬಿಡುತ್ತೇನೆ ಎಂದಳು. ಅವಳ ಮಾತಿನಲ್ಲಿ ತಪ್ಪು ಇರಲಿಲ್ಲ. ಸ್ಟೇರಿಂಗ್ ಹಿಡಿಯಲು ಕಲಿಸಿದವರು ಅವರು, ನಾನಲ್ಲ.

ಜೇವರ್ಗಿಯಲ್ಲಿ ಇಳಿದವನು ಸಂಜೆಯ ಬಸ್ಸಿಗೇ ಅಫಜಲಪುರಕ್ಕೆ ವಾಪಸು ಹೋದೆ. ಅವಳು ನನಗಿಂತ ಮೊದಲೇ ಮನೆ ಮುಟ್ಟಿದ್ದಳು, ಕಾರು ಅಂಗಳದಲ್ಲಿತ್ತು. ಕಾಕಾ ಅಂಗಡಿ ಮುಚ್ಚಿ ಬಂದು ಕಾಲು ತೊಳೆಯುತ್ತಿದ್ದರು. ಸುತ್ತು ಬಳಸದೆ ಹೇಳಿದೆ. ಅವಳ ಕೈ ಕೀಲಿಗೆ ಹೋದದ್ದು ಹೇಳಿದೆ, ಎರಡು ಸಲ ತುಳಿದು ನೋಡುವುದನ್ನು ಹೇಳಿದೆ, ಸಹೋದ್ಯೋಗಿ ಹೇಳಿದ್ದನ್ನೂ ಹೇಳಿದೆ. ಅವರು ತಂಬಿಗೆ ಹಿಡಿದುಕೊಂಡೇ ನಿಂತರು.

"ಎಲ್ಲಿ, ಅಲ್ಲೇನು?" ಎಂದು ಕೇಳಿದರು.

"ಅಲ್ಲೇರಿ."

ಒಳಗೆ ಹೋಗಿ ಕೀಲಿ ತಂದರು. ಕಾರಿನಲ್ಲಿ ಒಬ್ಬರೇ ಕೂತು, ಎಂಜಿನ್ ಚಾಲೂ ಮಾಡಿ, ಬಂದ್ ಮಾಡಿ, ತುಳಿದರು. ಬಿಟ್ಟು ತುಳಿದರು. ಮತ್ತೆ ಚಾಲೂ ಮಾಡಿ ಅದನ್ನೇ ಮಾಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಅವರ ಮೊಣಕಾಲು ನೆಟ್ಟಗಾಗುವುದು ಕಾಣುತ್ತಿತ್ತು. ಇಷ್ಟು ವರ್ಷ ಊರಿಗೆಲ್ಲ ಕಲಿಸಿದ ಮನುಷ್ಯ, ನಿಂತ ಕಾರಿನಲ್ಲಿ ಬ್ರೇಕು ಒತ್ತಿ ಒತ್ತಿ ನೋಡುತ್ತಿದ್ದರು. ಕಡೆಗೆ ಇಳಿದು ಮಗಳನ್ನು ಕರೆದು ತಮ್ಮ ಜಾಗದಲ್ಲಿ ಕೂಡಿಸಿದರು.

ಏನು ಮಾಡಬೇಕೆಂದು ಒಂದೊಂದಾಗಿ ಹೇಳಿದರು, ಅವಳು ಮಾಡಿದಳು. ಮೂರನೇ ಸಲ ತುಳಿದವಳು ತಲೆ ಬಗ್ಗಿಸಿ ತನ್ನ ಕಾಲನ್ನೇ ನೋಡಿದಳು.

"ಕಲ್ಲಾತಲ್ರಿ," ಎಂದಳು.

"ಅವತ್ತು ನಾನೇ ಬಂದ್ ಮಾಡಿದ್ದೆ," ಎಂದರು ಕಾಕಾ. "ಬ್ರೇಕ್ ಹೋಗಿದ್ದಿಲ್ಲ."

ಸ್ಟೇರಿಂಗಿನ ಮೇಲಿನ ಅವಳ ಕೈ ಹಾಗೇ ಇತ್ತು. ಆಮೇಲೆ, "ಮತ್ತ ನನಗ ತುಳಿದು ನೋಡು ಅಂದ್ರಿ," ಎಂದಳು.

ಅವಳು ಇಳಿದು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಮೂವರೂ ಕೂತೆವು. ರೊಟ್ಟಿ ಬೇಕೇನು, ಪಲ್ಯೆ ಬೇಕೇನು ಎಂಬಷ್ಟೇ ಮಾತು.

ಭಾನುವಾರ ಕಾಕಾ ಗ್ಯಾರೇಜಿಗೆ ಹೋಗಿ ಹೇಳಿದರಂತೆ. ತಾನೇ ಬಂದ್ ಮಾಡಿದ್ದು, ಹೊಸ ಗಾಡಿಯಲ್ಲಿ ಯಾರೂ ಫುಕಟ್ ಬಿಡಬೇಡಿರಿ, ನನ್ನ ಹತ್ತಿರ ಕಲಿತವರು ಸಿಕ್ಕರೆ ಹೇಳಿರಿ ಎಂದರಂತೆ. ಆಮೇಲೆ ಬಟ್ಟೆ ವ್ಯಾಪಾರಿ, ಹಾಗಾದರೆ ಹೊಸ ಗಾಡಿಯ ತಪ್ಪಲ್ಲ ಎಂದನಂತೆ. ಎಂಜಿನ್ ಬಂದಾದರೆ ಬ್ರೇಕೇ ಇಲ್ಲದ ಗಾಡಿ ಎಂಥ ಗಾಡಿ ಎಂದು ಹಳಬರು ತಿರುಗಿ ಬಿದ್ದರಂತೆ. ಮತ್ತೆ ಶುರು. ಗ್ಯಾರೇಜಿನ ಮಾಲಕ ಫೋನಿನಲ್ಲಿ ಇದನ್ನೆಲ್ಲ ಹೇಳಿ ನಿಮ್ಮದೇನು ಅಭಿಪ್ರಾಯ ಎಂದು ಕೇಳಿದ. ನನಗೆ ಅಭಿಪ್ರಾಯ ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ.

ಆ ನಂತರ ಒಂದು ಬೆಳಿಗ್ಗೆ ಮತ್ತೆ ಅವಳ ಕಾರಿನಲ್ಲಿ ಹೊರಟೆ. ಈ ಸಲ ಕಾಕಾ ಮುಂದಿನ ಸೀಟಿನಲ್ಲಿ ಕೂತಿದ್ದರು. ಕೆಲವು ದಿನಗಳಿಂದ ಹೀಗೇ ನದಿ ದಾಟುವ ತನಕ ಜೊತೆಗೆ ಬಂದು, ಎದುರಿಗೆ ಸಿಕ್ಕ ಬಸ್ಸು ಹತ್ತಿ ವಾಪಸು ಬರುತ್ತಾರೆ ಎಂದಳು. ಬೇಡ ಎಂದರೂ ಕೇಳುವುದಿಲ್ಲವಂತೆ. ಬೆಲ್ಟು ಈಗ ಅವರ ಎದೆಯ ಮೇಲೆಯೇ ಇತ್ತು. ಅಪ್ಪ ಮಗಳ ನಡುವೆ ಮಾತು ಇನ್ನೂ ಮೊದಲಿನಂತೆ ಆಗಿರಲಿಲ್ಲ.

ಇಳಿಜಾರು ಶುರುವಾಯಿತು. ಅವಳ ಎರಡೂ ಕೈ ಸ್ಟೇರಿಂಗಿನ ಮೇಲೆ. ಕಾಕಾ ಮುಂದಕ್ಕೆ ಬಗ್ಗಿ, ಕಿವಿ ಕೆಳಗೆ ಮಾಡಿ ಏನೋ ಕೇಳಿಸಿಕೊಳ್ಳಲು ನೋಡುತ್ತಿದ್ದರು.

"ಚಾಲೂ ಅದ ಇಲ್ಲ?" ಎಂದರು.

"ಅದರೀ ಅಪ್ಪಾ."

"ಸಪ್ಪಳಾ ಕೇಳಸವಲ್ದು."

ದೂರದಿಂದಲೇ ಸಪ್ಪಳದ ಮೇಲೆ ಗಾಡಿಯ ಗುರುತು ಹೇಳುತ್ತಿದ್ದ ಮನುಷ್ಯ. ಪಕ್ಕದಲ್ಲೇ ಕೂತು, ಮಗಳ ಎಂಜಿನ್ ಓಡುತ್ತಿದೆಯೋ ಇಲ್ಲವೋ ತಿಳಿಯದೆ ಕೇಳುತ್ತಿದ್ದರು. ಅವಳು ಅವರ ಕಡೆ ನೋಡಲಿಲ್ಲ. ಕ್ಲಚ್ಚು ಒತ್ತಿ, ಮೂರರಿಂದ ಎರಡಕ್ಕೆ ಗೇರು ಇಳಿಸಿದಳು. ಎಂಜಿನ್ ಗುಂಯ್ ಎಂದು ದನಿ ಎತ್ತಿತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದು, ಬೇಸರಪಟ್ಟು, ನಮ್ಮನ್ನು ದಾಟಿ ಹೋದರು. ನನ್ನ ಕಾಲು ತಗಡನ್ನು ಒತ್ತಿಕೊಂಡೇ ಇತ್ತು. ಅಷ್ಟು ದನಿ ಬೇಕಿರಲಿಲ್ಲ, ಆದರೂ ಅವಳು ಸೇತುವೆ ಮುಟ್ಟುವ ತನಕ ಗೇರು ಬದಲಿಸಲಿಲ್ಲ. ಅವರಿಗೆ ಕೇಳಿಸಲಿ ಎಂದು ಹಾಗೇ ಸಪ್ಪಳ ಮಾಡುತ್ತ ಇಳಿಸಿದಳು.